ಎನ್‌ಆರ್‌ಎಲ್ ಸೀಸನ್ನಿನ ಲೆಕ್ಕ: ಹದಿನೇಳು ಮಂದಿ ಸಾಲದು

2025ರ ಮೇ ಕೊನೆಯಲ್ಲಿ ಆಸ್ಟ್ರೇಲಿಯಾದ ನ್ಯಾಷನಲ್ ರಗ್ಬಿ ಲೀಗ್ ಅಂಕಪಟ್ಟಿಯ ತಳದಲ್ಲಿದ್ದದ್ದು ಪೆನ್ರಿತ್ ಪ್ಯಾಂಥರ್ಸ್. ಅದರ ಹಿಂದಿನ ನಾಲ್ಕು ವರ್ಷ, 2021ರಿಂದ 2024ರವರೆಗೆ, ಪ್ರಶಸ್ತಿಯನ್ನು ಬೇರೆ ಯಾರಿಗೂ ಬಿಟ್ಟುಕೊಡದ ತಂಡ ಅದು. ಕಥೆ ಮುಗಿಯಿತು ಎಂದು ಬಹಳ ಜನ ಬರೆದರು. ಜೂನ್‌ನಲ್ಲಿ ತಂಡ ಗೆಲ್ಲತೊಡಗಿತು, ಲೀಗ್ ಹಂತ ಮುಗಿದಾಗ ಏಳನೇ ಸ್ಥಾನದಲ್ಲಿತ್ತು, ಅಲ್ಲಿಂದ ಪ್ರಿಲಿಮಿನರಿ ಫೈನಲ್‌ವರೆಗೂ, ಅಂದರೆ ಗ್ರ್ಯಾಂಡ್ ಫೈನಲ್‌ಗೆ ಒಂದೇ ಹೆಜ್ಜೆ ಹಿಂದಿನವರೆಗೂ ಹೋಯಿತು.

ಈ ಏರಿಕೆ ಶುರುವಾದದ್ದು ಎರಡು ರಾಜ್ಯಗಳ ತಂಡಗಳು ಆಡುವ ಸ್ಟೇಟ್ ಆಫ್ ಆರಿಜಿನ್ ಸರಣಿ ನಡೆಯುತ್ತಿದ್ದ ವಾರಗಳಲ್ಲಿ. ಅಂದರೆ ಕ್ಲಬ್ಬಿನ ಅತ್ಯುತ್ತಮ ಆಟಗಾರರು ಆಗಾಗ ಕ್ಲಬ್ಬಿನಲ್ಲೇ ಇಲ್ಲದ ಹೊತ್ತಿನಲ್ಲಿ. ಪಂದ್ಯಕ್ಕೆ ಇಳಿಯುವ ಮೊದಲ ಹದಿನೇಳು ಮಂದಿ ಎಷ್ಟು ಚೆನ್ನಾಗಿದ್ದಾರೆ ಎಂಬುದರಿಂದ ತಂಡ ಒಂದು ವಾರ ಗೆಲ್ಲಬಹುದು. ಸೀಸನ್ ನಿಲ್ಲುವುದು ಹದಿನೆಂಟರಿಂದ ಮೂವತ್ತರವರೆಗಿನವರ ಮೇಲೆ. ಆಟವನ್ನು ಹೊಸದಾಗಿ ನೋಡುವವರ ಕಣ್ಣಿಗೆ ಬೀಳದಿರುವುದು ಇದೇ.

ಮೊದಲು ಈ ಆಟ ಮೈಯನ್ನು ಹೇಗೆ ಹಿಂಡುತ್ತದೆ ಎಂಬುದು ಗೊತ್ತಿರಬೇಕು. ಮೈದಾನದಲ್ಲಿ ಒಂದು ಕಡೆಗೆ 13 ಮಂದಿ, ಹದಿನೇಳರಲ್ಲಿ ಉಳಿದ ನಾಲ್ವರು ಬದಲಿಗಳು, ಆಟ 80 ನಿಮಿಷ. ಚೆಂಡು ಹಿಡಿದವನನ್ನು ಹಿಡಿದು ಕೆಡವುವುದು ಟ್ಯಾಕಲ್, ಚೆಂಡು ಕೈಲಿರುವ ತಂಡಕ್ಕೆ ಆರು ಟ್ಯಾಕಲ್‌ಗಳ ಒಂದು ಸೆಟ್. ಕಬಡ್ಡಿಯಲ್ಲಿ ರೈಡರ್‌ನನ್ನು ಹಿಡಿದು ಕೆಡವಿದ ಮೇಲೆ ಉಸಿರೆಳೆದುಕೊಳ್ಳಲು ಸಮಯ ಸಿಗುತ್ತದಲ್ಲ, ಇಲ್ಲಿ ಅದಿಲ್ಲ. ಕೆಡವಿದವನು ಎದ್ದು ಹತ್ತು ಮೀಟರ್ ಹಿಂದಕ್ಕೆ ಓಡಬೇಕು, ಮತ್ತೆ ಮುಂದಕ್ಕೆ ನುಗ್ಗಬೇಕು. ಬಿದ್ದವನು ಎದ್ದು ಕಾಲಿನಿಂದ ಚೆಂಡನ್ನು ಹಿಂದಕ್ಕೆ ತಳ್ಳಲು ಮೂರು ಸೆಕೆಂಡಿನ ಆಸುಪಾಸು ಸಾಕು. ಅಷ್ಟರೊಳಗೆ ರಕ್ಷಣೆಯ ಸಾಲು ನೇರವಾಗಿರಬೇಕು. 2020ರಲ್ಲಿ ‘ಸಿಕ್ಸ್ ಅಗೇನ್’ ನಿಯಮ ಬಂದ ಮೇಲೆ ಇನ್ನೂ ಕಷ್ಟ. ಸಣ್ಣ ತಪ್ಪಿಗೆ ಆಟ ನಿಲ್ಲುವುದಿಲ್ಲ, ಎದುರಾಳಿಯ ಆರು ಟ್ಯಾಕಲ್‌ಗಳ ಎಣಿಕೆ ಮತ್ತೆ ಮೊದಲಿನಿಂದ ಶುರು. ಹೀಗೆ ಎರಡು ಮೂರು ಸೆಟ್ ಒಟ್ಟೊಟ್ಟಿಗೆ ತಡೆಯಬೇಕಾದ ತಂಡದಲ್ಲಿ ಮೊದಲು ಸುಸ್ತಾಗುವವರು ನಡುವಿನ ಮೂವರು: 8 ಮತ್ತು 10ನೇ ಅಂಗಿಯ ಪ್ರಾಪ್‌ಗಳು, 13ನೇ ಅಂಗಿಯ ಲಾಕ್. ಅವರು ಅರ್ಧ ಹೆಜ್ಜೆ ತಡವಾದರೆ ಎದುರಾಳಿಯ ಹುಕರ್, ಟ್ಯಾಕಲ್ ಆದ ಮೇಲೆ ನೆಲದಿಂದ ಚೆಂಡೆತ್ತುವವನು, ಅಲ್ಲಿಂದಲೇ ನುಸುಳುತ್ತಾನೆ. ಟ್ರೈ, ಅಂದರೆ ಗೋಲ್ ಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸುವುದು, ಬೀಳುವುದು ಮೂಲೆಯಲ್ಲಿರಬಹುದು, ಅದಕ್ಕೆ ದಾರಿ ತೆರೆದದ್ದು ಎರಡು ಟ್ಯಾಕಲ್ ಹಿಂದೆ, ನಡುವಿನಲ್ಲಿ.

ಅದಕ್ಕೇ ನವೆಂಬರ್ ಆರಂಭದಲ್ಲೇ ತಾಲೀಮು ಶುರು. ಕಿರಿಯರು ಮೊದಲು ಬರುತ್ತಾರೆ, ವರ್ಷದ ಕೊನೆಯಲ್ಲಿ ದೇಶಕ್ಕಾಗಿ ಆಡಿದವರು ರಜೆ ಮುಗಿಸಿ ತಡವಾಗಿ. ಫಿಟ್‌ನೆಸ್ ಅಳೆಯಲು ಬಹಳ ಕಡೆ ಬಳಸುವುದು ‘ಬ್ರಾಂಕೊ’ ಓಟ: 20 ಮೀಟರ್ ಹೋಗಿ ಬರುವುದು, ಆಮೇಲೆ 40, ಆಮೇಲೆ 60. ಹೀಗೆ 240 ಮೀಟರ್, ಐದು ಸಲ, ಒಟ್ಟು 1,200. ಐದು ನಿಮಿಷದೊಳಗೆ ಮುಗಿಸಿದರೆ ಪರವಾಗಿಲ್ಲ, ದಾಳಿಯನ್ನು ನಡೆಸುವ ಹಾಫ್‌ಬ್ಯಾಕ್‌ಗಳು, ಹುಕರ್‌ಗಳು ನಾಲ್ಕೂವರೆಯ ಹತ್ತಿರ ಇರಬೇಕು. ಫೆಬ್ರವರಿಯಲ್ಲಿ ಅಭ್ಯಾಸ ಪಂದ್ಯಗಳು, ಮಾರ್ಚ್‌ನಲ್ಲಿ ನಿಜವಾದದ್ದು. 2024ರಿಂದ ಮೊದಲ ಪಂದ್ಯಗಳು ಅಮೆರಿಕದ ಲಾಸ್ ವೇಗಸ್‌ನಲ್ಲಿ. ಅಭ್ಯಾಸ ಪಂದ್ಯಗಳ ಫಲಿತಾಂಶ ನೋಡಿ ಏನನ್ನೂ ನಿರ್ಧರಿಸಬೇಡಿ. ಅಲ್ಲಿ ನೋಡಬೇಕಾದದ್ದು ಒಂದೇ: ಎರಡನೇ ಅರ್ಧದಲ್ಲಿ ಇಳಿಯುವ ಹುಡುಗರು ಸಾಲು ಮುರಿಯದೆ ಹಿಂದಕ್ಕೆ ಓಡುತ್ತಿದ್ದಾರೆಯೇ ಎಂದು.

2025ರ ಲೆಕ್ಕ ಹೀಗೆ. 17 ತಂಡಗಳು, 27 ಸುತ್ತುಗಳು. ಒಂದೊಂದು ತಂಡಕ್ಕೆ 24 ಪಂದ್ಯ, ಮೂರು ಬೈ, ಅಂದರೆ ಪಂದ್ಯವಿಲ್ಲದ ಸುತ್ತು. ಗೆಲುವಿಗೆ ಎರಡು ಅಂಕ, ಬೈಗೂ ಎರಡು ಅಂಕ. ಇದರಿಂದ ಸೀಸನ್ನಿನ ನಡುವೆ ಅಂಕಪಟ್ಟಿ ದಾರಿ ತಪ್ಪಿಸುತ್ತದೆ. ಬೈ ಮುಗಿಸಿಕೊಂಡವರು ಮೇಲೆ ಕಾಣುತ್ತಾರೆ, ಇನ್ನೂ ಉಳಿಸಿಕೊಂಡವರು ಕೆಳಗೆ. ಆದ್ದರಿಂದ ಅಂಕಗಳ ಸಾಲನ್ನು ಬಿಟ್ಟು ಸೋಲುಗಳ ಸಾಲನ್ನು ಓದುವುದು ಒಳ್ಳೆಯದು. ಹನ್ನೆರಡು ಹದಿಮೂರು ಗೆಲುವು ಇದ್ದರೆ ಸಾಮಾನ್ಯವಾಗಿ ಫೈನಲ್ಸ್ ಆಡುವ ಮೊದಲ ಎಂಟರೊಳಗೆ ಜಾಗ. ಅಂದರೆ ಹನ್ನೊಂದನೇ ಸೋಲು ಬಂತೆಂದರೆ ಉಸಿರು ಬಿಗಿಹಿಡಿಯಬೇಕಾದ ಹೊತ್ತು. ಸಮ ಅಂಕವಾದರೆ ಗಳಿಸಿದ ಪಾಯಿಂಟು ಮತ್ತು ಬಿಟ್ಟುಕೊಟ್ಟ ಪಾಯಿಂಟುಗಳ ವ್ಯತ್ಯಾಸ ನೋಡುತ್ತಾರೆ. ಸೋತಾಯಿತು ಎಂದು ಕೊನೆಯ ಹತ್ತು ನಿಮಿಷ ಕೈಚೆಲ್ಲಿ ಮೂರು ಟ್ರೈ ಬಿಟ್ಟುಕೊಟ್ಟ ತಂಡ ಸೆಪ್ಟೆಂಬರ್‌ನಲ್ಲಿ ಅದಕ್ಕೆ ಬೆಲೆ ತೆರುವುದುಂಟು.

ಇನ್ನು ವಾರದ ಒಳಗಿನ ಮಾತು. ಪಂದ್ಯಗಳು ಗುರುವಾರದಿಂದ ಭಾನುವಾರದವರೆಗೆ ಹರಡಿರುತ್ತವೆ. ಶುಕ್ರವಾರ ಆಡಿ ಮುಂದಿನ ವಾರದ ಶನಿವಾರ ಇಳಿಯುವ, ಎಂಟು ದಿನ ಸಿಗುವ ವಾರವೂ ಇದೆ, ಶನಿವಾರ ರಾತ್ರಿ ಆಡಿ ಗುರುವಾರ ರಾತ್ರಿ ಮತ್ತೆ ಇಳಿಯಬೇಕಾದ ಐದು ದಿನದ ವಾರವೂ ಇದೆ. ಎರಡನೆಯದನ್ನು ಬಿಡಿಸಿ ನೋಡಿ. ಭಾನುವಾರ ಈಜುಕೊಳ, ತಣ್ಣೀರು, ಫಿಸಿಯೋ, ಬೇಕಾದವರಿಗೆ ಸ್ಕ್ಯಾನ್. ಸೋಮವಾರ ವಿಡಿಯೋ, ನಡೆದಾಡಿಕೊಂಡೇ ಸಾಲಿನ ಜಾಗಗಳನ್ನು ನೋಡಿಕೊಳ್ಳುವುದು. ಮಂಗಳವಾರ ಒಂದೇ ಒಂದು ನಿಜವಾದ ತರಬೇತಿ, ಸಂಜೆ ನಾಲ್ಕಕ್ಕೆ ತಂಡದ ಪಟ್ಟಿ ಹೊರಗೆ. ಬುಧವಾರ ಹಗುರವಾದ ಕ್ಯಾಪ್ಟನ್ಸ್ ರನ್. ಗುರುವಾರ ಆಟ. ಇದರಲ್ಲಿ ಮೈಗೆ ಮೈ ತಾಗಿಸುವ ಅಭ್ಯಾಸಕ್ಕೆ ಎಡೆಯೇ ಇಲ್ಲ. ಆ ವಾರ ಎಡ ಅಂಚಿನ ಸೆಂಟರ್ ಗಾಯಗೊಂಡು ಹೊಸಬ ಬಂದಿದ್ದಾನೆ ಎನ್ನೋಣ. ಒಳಗಿನ ಸೆಕೆಂಡ್ ರೋವರ್ ಯಾವಾಗ ಒಳಕ್ಕೆ ತಿರುಗುತ್ತಾನೆ, ಹೊರಗಿನ ವಿಂಗರ್ ಯಾವಾಗ ಮೇಲೇರುತ್ತಾನೆ ಎಂಬುದನ್ನು ಆ ಹೊಸಬ ಮಾತಿನಲ್ಲಷ್ಟೇ ಕೇಳಿರುತ್ತಾನೆ. ಎದುರಾಳಿಯ ಕೋಚ್‌ಗೆ ಅದು ಗೊತ್ತು. ಮೊದಲ ಇಪ್ಪತ್ತು ನಿಮಿಷ ದಾಳಿ ಆ ಕಡೆಗೇ ಸಾಗುತ್ತದೆ. ಇದೇ ಹೊಸಬ ಮಾರ್ಚ್‌ನಿಂದ ಅದೇ ಕ್ಲಬ್ಬಿನ ಎರಡನೇ ತಂಡದಲ್ಲಿ, ನ್ಯೂ ಸೌತ್ ವೇಲ್ಸ್ ಕಪ್‌ನಲ್ಲೋ ಕ್ವೀನ್ಸ್‌ಲ್ಯಾಂಡ್ ಕಪ್‌ನಲ್ಲೋ, ಅದೇ ಕೂಗುಗಳೊಂದಿಗೆ ಅದೇ ಅಂಚಿನಲ್ಲಿ ಆಡುತ್ತಿದ್ದರೆ ಅಷ್ಟು ತೊಂದರೆಯಾಗುವುದಿಲ್ಲ. ಎರಡನೇ ತಂಡಕ್ಕೂ ಮೊದಲ ತಂಡದ ರಕ್ಷಣಾ ಪದ್ಧತಿಯನ್ನೇ ಕಲಿಸುವ ಕ್ಲಬ್ಬುಗಳು ಗಾಯಗಳ ನಡುವೆಯೂ ನಿಲ್ಲುವುದು ಇದರಿಂದ.

ಪ್ರಯಾಣವನ್ನೂ ಸೇರಿಸಿಕೊಳ್ಳಿ. ಆಕ್ಲೆಂಡ್‌ನ ವಾರಿಯರ್ಸ್ ಆಸ್ಟ್ರೇಲಿಯಾದಲ್ಲಿ ಆಡುವ ಪ್ರತಿ ಪಂದ್ಯಕ್ಕೂ ಟ್ಯಾಸ್ಮನ್ ಸಮುದ್ರ ದಾಟಬೇಕು. ಸಿಡ್ನಿಯ ಕ್ಲಬ್ಬುಗಳಿಗೆ ಎಷ್ಟೋ ಹೊರಪಂದ್ಯಗಳು ಬಸ್ಸಿನ ದೂರದಲ್ಲೇ ಇರುತ್ತವೆ.

ತಲೆಗೆ ಪೆಟ್ಟಿನ ನಿಯಮಗಳು ಆಟಗಾರರ ಜೀವಕ್ಕೆ ಬೇಕೇಬೇಕಾದವು, ಅದರ ಬಗ್ಗೆ ಚೌಕಾಸಿ ಇರಬಾರದು. ಆದರೆ ತಂಡ ಕಟ್ಟುವವರು ಅದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡಿರಬೇಕು. ಅನುಮಾನ ಬಂದ ಆಟಗಾರ ಪರೀಕ್ಷೆಗೆ ಹೊರಬಂದರೆ 15 ನಿಮಿಷ. ಪ್ರಜ್ಞೆ ತಪ್ಪಿದ್ದು, ತೂರಾಡಿದ್ದು ಸ್ಪಷ್ಟವಾಗಿ ಕಂಡರೆ ಅವನು ಆ ದಿನ ವಾಪಸಾಗುವಂತಿಲ್ಲ. 2023ರಿಂದ ಕನ್ಕಷನ್, ಅಂದರೆ ಮೆದುಳಿಗೆ ಪೆಟ್ಟು, ಎಂದು ಗೊತ್ತಾದವರಿಗೆ ಕನಿಷ್ಠ 11 ದಿನ ವಿರಾಮ ಕಡ್ಡಾಯ. ಶುಕ್ರವಾರ ಪೆಟ್ಟಾದರೆ ಮುಂದಿನ ವಾರದ ಪಂದ್ಯ ಹೋಯಿತು, ಅದರಾಚೆಯದಕ್ಕೆ ಸಿಗಬಹುದು. ಭಾನುವಾರ ಪೆಟ್ಟಾಗಿ, ನಂತರ ಒಂದು ಶನಿವಾರ, ಆಮೇಲೆ ಒಂದು ಗುರುವಾರ ಪಂದ್ಯಗಳಿದ್ದರೆ ಎರಡನೆಯದೂ ಅನುಮಾನ.

2025ರಲ್ಲಿ ಬೆಂಚಿನಲ್ಲಿ ನಾಲ್ವರು, ಪಂದ್ಯಕ್ಕೆ ಎಂಟು ಬದಲಾವಣೆ. ಎಂಟು ಎಂದರೆ ಬಹಳ ಅನ್ನಿಸುತ್ತದೆ. ಇಬ್ಬರು ಪ್ರಾಪ್‌ಗಳು ಇಪ್ಪತ್ತೈದು ನಿಮಿಷಕ್ಕೆ ಹೊರಗೆ, ಎರಡು ಹೋಯಿತು. ಎರಡನೇ ಅರ್ಧದಲ್ಲಿ ಅವರು ಒಳಗೆ, ನಾಲ್ಕು. ಲಾಕ್‌ಗೆ ಒಂದು ವಿರಾಮ, ಹೊರಗೆ ಒಳಗೆ, ಆರು. ಹುಕರ್ ಬದಲು, ಏಳು. ಉಳಿದದ್ದು ಒಂದೇ. ಬಹಳಷ್ಟು ಕೋಚ್‌ಗಳು ಬೆಂಚಿನಲ್ಲಿ ಮೂವರು ದಪ್ಪ ಮೈಯ ಫಾರ್ವರ್ಡ್‌ಗಳನ್ನು ಕೂರಿಸಿ, ನಾಲ್ಕನೆಯವನಾಗಿ ಎಲ್ಲಿ ಬೇಕಾದರೂ ಆಡುವ ಒಬ್ಬನನ್ನು ಇಡುತ್ತಿದ್ದರು. ಹತ್ತನೇ ನಿಮಿಷಕ್ಕೆ ವಿಂಗರ್ ಗಾಯಗೊಂಡು ಹೋದರೆ ಆ ನಾಲ್ಕನೆಯವನು ಒಳಗೆ. ಆಮೇಲೆ ಒಬ್ಬ ಸೆಂಟರ್ ಕುಂಟತೊಡಗಿದರೆ ಸೆಕೆಂಡ್ ರೋವರ್ ಹೊರಕ್ಕೆ ಸರಿಯಬೇಕು, ಅವನ ಜಾಗಕ್ಕೆ ಒಬ್ಬ ಪ್ರಾಪ್ ಬರಬೇಕು, ನಡುವೆ ಉಸಿರು ಬಿಡಲು ಯಾರೂ ಉಳಿಯುವುದಿಲ್ಲ. ಅರವತ್ತನೇ ನಿಮಿಷದ ಕುಸಿತಕ್ಕೆ ವೀಕ್ಷಕರು ಮನಸ್ಥಿತಿಯ ಹೆಸರು ಕೊಡುತ್ತಾರೆ. ಬಹುಪಾಲು ಅದು ಕಾಲಿನ ಸುಸ್ತು.

ಈಗ ಆರಿಜಿನ್. ಕ್ವೀನ್ಸ್‌ಲ್ಯಾಂಡ್ ಮತ್ತು ನ್ಯೂ ಸೌತ್ ವೇಲ್ಸ್ ನಡುವೆ ಮೂರು ಪಂದ್ಯ, 2025ರಲ್ಲಿ ಮೇ 28, ಜೂನ್ 18, ಜುಲೈ 9, ಮೂರೂ ಬುಧವಾರ. ಆಯ್ಕೆಯಾದವರು ವಾರಕ್ಕೂ ಮೊದಲೇ ಶಿಬಿರಕ್ಕೆ ಹೋಗುತ್ತಾರೆ, ಆ ನಡುವಿನ ಕ್ಲಬ್ ಪಂದ್ಯಕ್ಕೆ ಸಿಗುವುದಿಲ್ಲ. ಬುಧವಾರ ರಾತ್ರಿ ಆಡಿ ಶುಕ್ರವಾರವೋ ಭಾನುವಾರವೋ ಕ್ಲಬ್ಬಿಗೆ ಇಳಿಯಬಹುದೇ ಎಂಬುದು ಮೈ ನೋಡಿ ಹೇಳಬೇಕಾದ ಮಾತು. ಮೊದಲ ಪಂದ್ಯದ ನ್ಯೂ ಸೌತ್ ವೇಲ್ಸ್ ತಂಡದಲ್ಲಿ ಪೆನ್ರಿತ್‌ನ ಐವರಿದ್ದರು: ಡಿಲನ್ ಎಡ್ವರ್ಡ್ಸ್, ಬ್ರಯನ್ ಟೊಓ, ನೇಥನ್ ಕ್ಲಿಯರಿ, ಲಿಯಮ್ ಮಾರ್ಟಿನ್, ನಾಯಕನಾಗಿ ಐಸಯಾ ಯೋ.

ಇವರಲ್ಲಿ ಹಾಫ್‌ಬ್ಯಾಕ್ ಇಲ್ಲದಿರುವುದು ಹೆಚ್ಚು ನೋಯಿಸುತ್ತದೆ, ಅವನ ಜೊತೆ ಕಿಕ್ ಕೂಡ ಹೋಗುವುದರಿಂದ. ಸೆಟ್ಟಿನ ಕೊನೆಯಲ್ಲಿ ಒದೆಯುವ ಚೆಂಡು ಮೂಲೆಯ ಹತ್ತಿರ ಬಿದ್ದು ನಿಂತರೆ ಎದುರಾಳಿ ತನ್ನ ಗೋಲ್ ಗೆರೆಯಿಂದ ಹತ್ತು ಮೀಟರ್‌ನಲ್ಲಿ ಆಟ ಶುರು ಮಾಡಬೇಕು. ಅದೇ ಚೆಂಡು ಸ್ವಲ್ಪ ಜೋರಾಗಿ ಉರುಳಿ ಗೋಲ್ ಗೆರೆಯ ಹಿಂದಿರುವ ಡೆಡ್ ಬಾಲ್ ಗೆರೆ ದಾಟಿತೋ, ಎದುರಾಳಿಗೆ 20 ಮೀಟರ್ ಗೆರೆಯಿಂದ, ಅದೂ ಆರಲ್ಲ ಏಳು ಟ್ಯಾಕಲ್‌ಗಳ ಸೆಟ್. ಬದಲಿಗೆ ಬಂದ ಹುಡುಗನ ಕಿಕ್ ಪಂದ್ಯದಲ್ಲಿ ಮೂರು ಸಲ ಹೀಗೆ ಆದರೆ, ನಡುವಿನ ಫಾರ್ವರ್ಡ್‌ಗಳು ಅಷ್ಟು ಹೆಚ್ಚು ಟ್ಯಾಕಲ್ ಮಾಡಬೇಕು. ಬದಲಿ ಹಾಫ್‌ಬ್ಯಾಕ್‌ಗೆ ಪಾಸ್ ಕಲಿಸುವುದಕ್ಕಿಂತ ಮೊದಲು ಉದ್ದನೆಯ ಕಿಕ್ ನೆಲಕ್ಕೆ ಬಿದ್ದು ನಿಲ್ಲುವಂತೆ ಒದೆಯುವುದನ್ನು ಕಲಿಸಬೇಕು ಎಂದು ನನಗೆ ಗಟ್ಟಿಯಾಗಿ ಅನಿಸುತ್ತದೆ.

ಒಳ್ಳೆಯವರನ್ನೇ ಮೂವತ್ತು ಜನ ಇಟ್ಟುಕೊಂಡರಾಯಿತಲ್ಲ ಎಂದರೆ, ಸ್ಯಾಲರಿ ಕ್ಯಾಪ್ ಬಿಡುವುದಿಲ್ಲ. ಮುಖ್ಯ ಮೂವತ್ತು ಆಟಗಾರರ ಒಟ್ಟು ಸಂಬಳಕ್ಕೆ ಮಿತಿ ಇದೆ, ಮೀರಿದರೆ ಶಿಕ್ಷೆ ಕಠಿಣ. 2002ರಲ್ಲಿ ಅಂಕಪಟ್ಟಿಯ ಮೇಲ್ತುದಿಯಲ್ಲಿದ್ದ ಕ್ಯಾಂಟರ್‌ಬರಿ ಬುಲ್‌ಡಾಗ್ಸ್ 37 ಅಂಕ ಕಳೆದುಕೊಂಡು ಕೊನೆಯ ಸ್ಥಾನಕ್ಕೆ ಬಿತ್ತು. 2010ರಲ್ಲಿ ಮೆಲ್ಬರ್ನ್ ಸ್ಟಾರ್ಮ್‌ನಿಂದ 2007 ಮತ್ತು 2009ರ ಪ್ರಶಸ್ತಿಗಳನ್ನು ಕಿತ್ತುಕೊಂಡರು, ಆ ವರ್ಷ ಉಳಿದ ಪಂದ್ಯಗಳನ್ನು ಅಂಕವೇ ಇಲ್ಲದೆ ಆಡಬೇಕಾಯಿತು. ಗೆಲ್ಲುವ ತಂಡದಲ್ಲಿ ಎಲ್ಲರ ಬೆಲೆಯೂ ಏರುತ್ತದೆ, ಹಾಗಾಗಿ ಯಾರನ್ನಾದರೂ ಬಿಡಲೇಬೇಕು. ಮ್ಯಾಟ್ ಬರ್ಟನ್, ವಿಲಿಯಮೆ ಕಿಕಾವು, ಸ್ಟೀಫನ್ ಕ್ರೈಟನ್, ಆಪಿ ಕೊರೊಯಿಸಾವು ಹೀಗೆ ಒಬ್ಬೊಬ್ಬರಾಗಿ ಪೆನ್ರಿತ್ ಬಿಟ್ಟರು. 2024 ಮುಗಿದ ಮೇಲೆ ಜರೋಮ್ ಲುವಾಯಿ ವೆಸ್ಟ್ಸ್ ಟೈಗರ್ಸ್‌ಗೆ, ಜೇಮ್ಸ್ ಫಿಶರ್-ಹ್ಯಾರಿಸ್ ವಾರಿಯರ್ಸ್‌ಗೆ. 2025ರ ಆರಂಭದ ಸೋಲುಗಳಲ್ಲಿ ಇದರ ಪಾಲು ದೊಡ್ಡದು ಎಂಬುದು ನನ್ನ ಎಣಿಕೆ: ಹೊಸ ಹಾಫ್ ಜೋಡಿಗೆ ಹೊಂದಿಕೊಳ್ಳಲು, ಹೊಸ ಪ್ರಾಪ್‌ಗಳಿಗೆ ಮೊದಲ ಇಪ್ಪತ್ತು ನಿಮಿಷದ ಭಾರ ಹೊರಲು ಕಾಲ ಬೇಕಿತ್ತು. ಪೆನ್ರಿತ್ ಇರುವ ಪಶ್ಚಿಮ ಸಿಡ್ನಿಯ ಭಾಗದಲ್ಲಿ ಮಕ್ಕಳ ಲೀಗ್ ಬಹಳ ದೊಡ್ಡದು. ಕ್ಲಬ್ಬು ತುಂಬಿಕೊಳ್ಳುವುದು ಅಲ್ಲಿಂದಲೇ.

ಇನ್ನೊಂದು ವಿಚಿತ್ರವೂ ಇದೆ. ಒಪ್ಪಂದದ ಕೊನೆಯ ವರ್ಷಕ್ಕೆ ಕಾಲಿಡುವ ಆಟಗಾರ ಅದರ ಹಿಂದಿನ ನವೆಂಬರ್ 1ರಿಂದಲೇ ಬೇರೆ ಕ್ಲಬ್ಬುಗಳ ಜೊತೆ ಮಾತಾಡಬಹುದು, ಸಹಿಯನ್ನೂ ಹಾಕಬಹುದು. ಮುಂದಿನ ವರ್ಷ ಎದುರಾಳಿಯಾಗುವವನು ಈ ಇಡೀ ವರ್ಷ ನಮ್ಮ ಅಂಗಿಯಲ್ಲೇ ಆಡುತ್ತಾನೆ. ಬಹಳಷ್ಟು ಮಂದಿ ಪ್ರಾಮಾಣಿಕವಾಗಿಯೇ ಆಡುತ್ತಾರೆ. ಆದರೆ ಕ್ಲಬ್ಬಿನ ನಿರ್ಧಾರ ಕಷ್ಟವಾಗುತ್ತದೆ: ಆಗಸ್ಟ್‌ನಲ್ಲಿ ಎಂಟರೊಳಗೆ ಬರುವ ಆಸೆ ಹೋದ ಮೇಲೂ ಅವನನ್ನೇ ಆಡಿಸುವುದೋ, ಅವನ ಜಾಗಕ್ಕೆ ಬರಬೇಕಾದವನಿಗೆ ಆಗಲೇ ಪಂದ್ಯ ಕೊಡುವುದೋ.

ಎಂಟು ತಂಡಗಳ ಫೈನಲ್ಸ್ ನಾಲ್ಕು ವಾರ. ಮೊದಲ ವಾರ ಒಂದು ಮತ್ತು ನಾಲ್ಕನೇ ಸ್ಥಾನದವರು, ಎರಡು ಮತ್ತು ಮೂರನೆಯವರು ಆಡುತ್ತಾರೆ. ಗೆದ್ದವರಿಗೆ ಒಂದು ವಾರ ಬಿಡುವು, ಸೋತವರಿಗೆ ಇನ್ನೊಂದು ಅವಕಾಶ. ಐದರಿಂದ ಎಂಟರವರೆಗಿನವರು ಸೋತರೆ ಮನೆಗೆ. ಆ ಒಂದು ವಾರದ ಬಿಡುವು ಸೆಪ್ಟೆಂಬರ್‌ನಲ್ಲಿ ಎಷ್ಟು ದೊಡ್ಡದು ಎಂದರೆ, ಮೊದಲ ನಾಲ್ಕರ ಹೊರಗಿನಿಂದ ಬಂದು ಪ್ರಶಸ್ತಿ ಗೆದ್ದದ್ದು 1995ರಲ್ಲಿ ಆರನೇ ಸ್ಥಾನದಲ್ಲಿದ್ದ ಬುಲ್‌ಡಾಗ್ಸ್ ಮಾತ್ರ. 2025ರಲ್ಲಿ ಲೀಗ್ ಹಂತದ ಮೊದಲ ಸ್ಥಾನ ಕ್ಯಾನ್‌ಬೆರಾ ರೇಡರ್ಸ್‌ನದು. ನಾಲ್ಕನೇ ಸ್ಥಾನದ ಬ್ರಿಸ್ಬೇನ್ ಬ್ರಾಂಕೋಸ್ ಹೆಚ್ಚುವರಿ ಸಮಯದಲ್ಲಿ ಒಂದು ಫೀಲ್ಡ್ ಗೋಲಿನಿಂದ, ಅಂದರೆ ಆಟದ ನಡುವೆ ಗೋಲ್ ಕಂಬಗಳ ನಡುವೆ ಹಾರಿಸಿದ ಒಂದು ಅಂಕದ ಕಿಕ್‌ನಿಂದ, ಅವರನ್ನು 29-28ಕ್ಕೆ ಸೋಲಿಸಿತು. ಬಿಡುವು ಬ್ರಿಸ್ಬೇನ್‌ಗೆ ಹೋಯಿತು. ಅಷ್ಟು ದೀರ್ಘವಾದ ಪಂದ್ಯ ಆಡಿದ ಕ್ಯಾನ್‌ಬೆರಾ ಮರುವಾರವೇ ಕ್ರೊನುಲ್ಲಾ ಎದುರು ಇಳಿದು ಸೋತು ಹೊರಬಿತ್ತು. ಬ್ರಿಸ್ಬೇನ್ ಗ್ರ್ಯಾಂಡ್ ಫೈನಲ್‌ನಲ್ಲಿ ಮೆಲ್ಬರ್ನ್ ಅನ್ನು 26-22ರಿಂದ ಸೋಲಿಸಿ 2006ರ ನಂತರದ ತನ್ನ ಮೊದಲ ಪ್ರಶಸ್ತಿ ಎತ್ತಿತು.

ಅಲ್ಲಿಂದ ಮುಂದಿನದು ಆಸ್ಪತ್ರೆಯ ಕ್ಯಾಲೆಂಡರ್. ಭುಜದ ಗಾಯವನ್ನು ಪಟ್ಟಿ ಬಿಗಿದು, ಚುಚ್ಚುಮದ್ದು ಹಾಕಿಸಿಕೊಂಡು ತಿಂಗಳುಗಟ್ಟಲೆ ಆಡಿದವರು ಸೀಸನ್ ಮುಗಿದ ವಾರವೇ ಶಸ್ತ್ರಚಿಕಿತ್ಸೆಗೆ ಹೋಗುತ್ತಾರೆ. ಭುಜ ಸರಿಪಡಿಸಿದರೆ ಟ್ಯಾಕಲ್‌ಗೆ ಮರಳಲು ನಾಲ್ಕರಿಂದ ಆರು ತಿಂಗಳು. ಸೆಪ್ಟೆಂಬರ್ ಮೊದಲ ವಾರ ಹೊರಬಿದ್ದ ಕ್ಲಬ್ಬಿನ ಪ್ರಾಪ್ ಮಾರ್ಚ್ ಮೊದಲ ಸುತ್ತಿಗೆ ಸಿದ್ಧ. ಅಕ್ಟೋಬರ್‌ವರೆಗೆ ಆಡಿದ ಕ್ಲಬ್ಬಿನ ಪ್ರಾಪ್ ಏಪ್ರಿಲ್‌ಗೆ. ಹಾಗಾಗಿ ಗ್ರ್ಯಾಂಡ್ ಫೈನಲ್ ಆಡಿದ ತಂಡ ನವೆಂಬರ್‌ನಲ್ಲಿ ಮೊದಲು ನೋಡಿಕೊಳ್ಳಬೇಕಾದದ್ದು, ಆ ನಾಲ್ಕು ವಾರ ಅವನ ಜಾಗದಲ್ಲಿ ನಿಲ್ಲುವ ಹುಡುಗನ ಬ್ರಾಂಕೊ ಓಟ ಎಷ್ಟು ನಿಮಿಷಕ್ಕೆ ಮುಗಿಯುತ್ತಿದೆ ಎಂಬುದನ್ನು.