ಸಬ್ಮಿಟ್ ಒತ್ತಿದರೆ ಏನೂ ಆಗ್ತಿಲ್ಲ ಅಂದಾಗ

ಹೋದ ವಾರ ಸಂಜೆ ಆರೂವರೆಗೆ ಒಬ್ಬ ಅಪ್ಪ, ಮಗಳು ನನ್ನ ಸೈಬರ್ ಸೆಂಟರ್‌ಗೆ ಬಂದರು. ಕಾಲೇಜಿನ ಅರ್ಜಿಗೆ ಅವತ್ತೇ ಕೊನೆ ದಿನ. "ಆ ಕಡೆ ಅಂಗಡೀಲಿ ಎರಡು ಗಂಟೆ ಕೂತಿದ್ವಿ ಅಣ್ಣ, ಸೈಟೇ ಕೆಟ್ಟೋಗಿದೆ ಅಂದ್ರು." ಹುಡುಗಿಯ ಕಣ್ಣು ಕೆಂಪಾಗಿತ್ತು.

ಅರ್ಜಿ ತುಂಬಿ ಫೀಸ್ ಕಟ್ಟುವ ಬಟನ್ ಒತ್ತಿದೆ. ಪುಟ ಅಲ್ಲಾಡಲಿಲ್ಲ. "ಇನ್ನೊಂದ್ಸಲ ಒತ್ತಿ" ಅಂದರು. ನಾನು ಒತ್ತಲಿಲ್ಲ. ದುಡ್ಡಿನ ವಿಷಯದಲ್ಲಿ ಹಾಗೆ ಸುಮ್ನೆ ಒತ್ತುತ್ತಾ ಹೋದರೆ ಎರಡು ಸಲ ಕಟ್ ಆಗಬಹುದು. ಮೇಲೆ ವಿಳಾಸ ಬರೆಯುವ ಪಟ್ಟಿಯ ಬಲತುದಿ ನೋಡಿದೆ. ಅಲ್ಲಿತ್ತು, ಕೆಂಪು ಗುರುತಿನ ಪುಟಾಣಿ ಕಿಟಕಿ. ಫೀಸಿನ ಪುಟ ಬೇರೆ ವಿಂಡೋದಲ್ಲಿ ತೆರೆಯಬೇಕಿತ್ತು, ಕ್ರೋಮ್ ಅದನ್ನು ಪಾಪ್‌ಅಪ್ ಅಂತ ತಡೆದಿತ್ತು. ಆ ಗುರುತಿನ ಮೇಲೆ ಒತ್ತಿ, ಒಳಗಿದ್ದ ಲಿಂಕ್ ಒತ್ತಿದೆ. ತೆರೆಯಿತು.

ಎರಡು ಗಂಟೆ ಅವರನ್ನು ಕಾಯಿಸಿದ್ದು ಇಷ್ಟೇ. ನನಗೆ ನಿಜಕ್ಕೂ ಬೇಜಾರಾಯಿತು.

ಯಾವ ಸೈಟ್ ಕೈಕೊಟ್ಟರೂ ನಾನು ಮೊದಲು ಕಂಟ್ರೋಲ್, ಶಿಫ್ಟ್, ಎನ್ ಒಟ್ಟಿಗೆ ಒತ್ತಿ ಕ್ರೋಮ್‌ನ ಇನ್‌ಕಾಗ್ನಿಟೋದಲ್ಲಿ, ಅಂದರೆ ಹಳೇದೇನೂ ನೆನಪಿಲ್ಲದ ಖಾಸಗಿ ವಿಂಡೋದಲ್ಲಿ, ತೆರೆದು ನೋಡುತ್ತೇನೆ. ಅಲ್ಲಿ ಹಳೇ ಕುಕೀ (ಸೈಟ್ ನಮ್ಮ ಬ್ರೌಸರ್‌ನಲ್ಲಿ ಉಳಿಸಿಡುವ ಸಣ್ಣ ಮಾಹಿತಿ) ಇರುವುದಿಲ್ಲ, ನಾವಾಗಿ ಅನುಮತಿ ಕೊಡದಿದ್ದರೆ ಎಕ್ಸ್‌ಟೆನ್ಷನ್‌ಗಳೂ, ಅಂದರೆ ಬ್ರೌಸರ್‌ಗೆ ಸೇರಿಸಿಕೊಂಡ ಪುಟ್ಟ ಪ್ರೋಗ್ರಾಮ್‌ಗಳೂ, ಓಡುವುದಿಲ್ಲ. ಅಲ್ಲಿ ಸರಿಯಾಗಿ ನಡೆದರೆ ತೊಂದರೆ ಹೆಚ್ಚಾಗಿ ನಮ್ಮ ಬ್ರೌಸರ್‌ನಲ್ಲೇ. ಆಗ ಆ ಒಂದು ಸೈಟಿನ ಡೇಟಾ ಮಾತ್ರ ಅಳಿಸಿದರೆ ಸಾಕು. ಎಲ್ಲವನ್ನೂ ಅಳಿಸಿಬಿಟ್ಟರೆ ಎಲ್ಲ ಕಡೆಯೂ ಮತ್ತೆ ಲಾಗಿನ್ ಆಗಬೇಕು. ಪಾಸ್‌ವರ್ಡ್ ನೆನಪಿಲ್ಲದ ಅಜ್ಜ ಪಿಂಚಣಿ ನೋಡಲು ಬಂದಿದ್ದರೆ ಅವರ ಗತಿ ಏನು?

ಇನ್ನೊಂದು, ತಾರೀಖು. ಮೂಲೆಯಲ್ಲಿರುವ ಹಳೇ ಕಂಪ್ಯೂಟರ್ ದಿನಾ ಬೆಳಿಗ್ಗೆ ಒಂದೊಂದು ಸೈಟಿಗೂ "ಸಂಪರ್ಕ ಸುರಕ್ಷಿತವಲ್ಲ" ಅಂತ ಎಚ್ಚರಿಕೆ ತೋರಿಸುತ್ತಿತ್ತು. ನೆಟ್ಟಿನವರಿಗೆ ಫೋನ್ ಮಾಡುವ ಮೊದಲು ಗಡಿಯಾರ ನೋಡಿದೆ. 2012ರ ಜನವರಿ! ಸೈಟ್ ಅಸಲಿ ಅಂತ ತೋರಿಸುವ ಸರ್ಟಿಫಿಕೇಟಿಗೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತದೆ. ಬ್ರೌಸರ್ ಅದನ್ನು ನಮ್ಮ ಕಂಪ್ಯೂಟರಿನ ತಾರೀಖಿಗೆ ಹೋಲಿಸುತ್ತದೆ. ಕಂಪ್ಯೂಟರ್ ಆಫ್ ಇದ್ದಾಗಲೂ ಗಡಿಯಾರ ಓಡಿಸುವ, ಮದರ್‌ಬೋರ್ಡ್ (ಒಳಗಿನ ಮುಖ್ಯ ಹಲಗೆ) ಮೇಲಿನ ಸಿಆರ್2032 ಸೆಲ್ಲು, ನಾಣ್ಯದ ಥರದ್ದು, ಸತ್ತುಹೋಗಿತ್ತು. ಹೊಸದು ಹಾಕಿ ತಾರೀಖು ಸರಿಮಾಡಿದೆ. ಆಮೇಲೆ ಆ ಎಚ್ಚರಿಕೆ ಬಂದಿಲ್ಲ.

ಮರುದಿನ ಬೆಳಿಗ್ಗೆ ಆ ಇನ್ನೊಂದು ಅಂಗಡಿಗೆ ಹೋಗಿ, ಅಲ್ಲಿನ ಹುಡುಗನಿಗೆ ಆ ಪುಟಾಣಿ ಕಿಟಕಿಯ ಗುರುತು ತೋರಿಸಿ ಬಂದೆ.