ಅಕ್ಕ, ಮೆಷಿನ್ ಬಟ್ಟೆ ನುಂಗ್ತದೆ, ಎಂತ ಮಾಡುವುದು?

ಉಡುಪಿಯಲ್ಲಿ ನನ್ನ ಹತ್ತಿರ ಕ್ವಿಲ್ಟ್ (ಬಟ್ಟೆಯ ತುಂಡುಗಳನ್ನು ಜೋಡಿಸಿ ಮಾಡುವ ಹೊದಿಕೆ) ಹೊಲಿಯಲು ಕಲಿಯುವವರು ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. "ಎರಡು ತುಂಡು ಸೇರಿಸಿ ಹೊಲಿಯಲು ಶುರು ಮಾಡಿದ ಕೂಡಲೇ ಬಟ್ಟೆ ಮುದ್ದೆಯಾಗಿ ಒಳಗೆ ಹೋಗ್ತದೆ ಅಕ್ಕ. ಟೆನ್ಶನ್ ಎಷ್ಟು ತಿರುಗಿಸಿದರೂ ಸರಿ ಆಗುವುದಿಲ್ಲ."

ಮೊದಲು ಆ ಟೆನ್ಶನ್ ತಿರುಪಿನಿಂದ, ಅಂದರೆ ದಾರದ ಬಿಗಿ ಹೆಚ್ಚುಕಡಿಮೆ ಮಾಡುವ ತಿರುಪಿನಿಂದ, ಕೈ ತೆಗೆಯಿರಿ. ಹೊಲಿಗೆ ಮಧ್ಯದಲ್ಲಿ ಚೆನ್ನಾಗಿ ಬರುತ್ತದೆ, ಶುರುವಿನಲ್ಲಿ ಮಾತ್ರ ಬಟ್ಟೆ ಮುದುಡುತ್ತದೆ ಎಂದಾದರೆ ತೊಂದರೆ ಇರುವುದು ಮೊದಲ ಕಾಲು ಇಂಚಿನಲ್ಲಿ. ಸುಮ್ನೆ ತಿರುಪು ತಿರುಗಿಸಿದರೆ ಚೆನ್ನಾಗಿದ್ದ ಹೊಲಿಗೆಯೂ ಕೆಡುತ್ತದೆ.

ಮೆಷಿನ್ ಒಳಗೆ ಆಗುವುದು ಇಷ್ಟು. ಬಟ್ಟೆಯನ್ನು ಮೇಲಿಂದ ಒತ್ತಿ ಹಿಡಿಯುವ ಫೂಟಿನ ಕೆಳಗಿರುವ ಹಲ್ಲುಗಳು ಅದನ್ನು ಹಿಂದಕ್ಕೆ ಎಳೆಯುತ್ತವೆ. ನಾವು ಬಟ್ಟೆಯ ಅಂಚಿನಿಂದಲೇ ಶುರು ಮಾಡಿದಾಗ ಹಿಂದಿನ ಹಲ್ಲುಗಳಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಫೂಟ್ ಕೂಡ ಹಿಂದಕ್ಕೆ ವಾಲಿ ಕೂರುತ್ತದೆ. ಬಟ್ಟೆಗೆ ಹಿಡಿತವೇ ಇಲ್ಲದ ಆ ಹೊತ್ತಿನಲ್ಲಿ ಸೂಜಿ ಇಳಿಯುತ್ತದೆ, ತುದಿಯನ್ನೂ ತನ್ನ ಜೊತೆ ಕೆಳಗಿನ ಪ್ಲೇಟಿನ ತೂತಿನೊಳಗೆ ತಳ್ಳುತ್ತದೆ.

ಆ ತೂತಿನ ಆಕಾರವೂ ಮುಖ್ಯ. "ಅಮ್ಮನ ಹಳೇ ಕಪ್ಪು ಮೆಷಿನ್‌ನಲ್ಲಿ ಹೀಗೆ ಆಗ್ತಿರಲಿಲ್ಲ" ಅನ್ನುವವರ ಮಾತು ನಿಜ. ನೇರ ಹೊಲಿಗೆ ಮಾತ್ರ ಹಾಕುವ ಆ ಕಾಲುಮೆಷಿನ್‌ಗಳ ಪ್ಲೇಟಿನಲ್ಲಿ ಸಣ್ಣ ದುಂಡು ತೂತು ಇರುತ್ತದೆ. ಈಗಿನ ಜಿಗ್‌ಜಾಗ್ ಮೆಷಿನ್‌ಗಳಲ್ಲಿ ಸೂಜಿ ಆಚೆ ಈಚೆ ಹೋಗಬೇಕಲ್ವಾ, ಅದಕ್ಕೆ ತೂತು ಅಗಲ. ಬಟ್ಟೆ ನುಸುಳಲು ಅಷ್ಟು ಜಾಗ ಸಾಕು. ನಿಮ್ಮ ಮೆಷಿನ್‌ಗೆ ನೇರ ಹೊಲಿಗೆಯ ಪ್ಲೇಟ್ ಬೇರೆಯಾಗಿ ಸಿಗುವುದಾದರೆ ತರಿಸಿ ಹಾಕಿ. ಆ ಪ್ಲೇಟ್ ಹಾಕಿಕೊಂಡು ಮರೆತು ಜಿಗ್‌ಜಾಗ್ ತಿರುಗಿಸಿದರೆ ಮಾತ್ರ ಸೂಜಿ ಪ್ಲೇಟಿಗೆ ಹೊಡೆದು ಮುರಿಯುತ್ತದೆ.

ಪ್ಲೇಟ್ ಸಿಗದಿದ್ದರೂ ಯೋಚನೆ ಬೇಡ. ಎರಡಿಂಚಿನ ಚಿಂದಿಯೊಂದನ್ನು ಮಡಚಿ ಅದರ ಮೇಲೆ ಹೊಲಿಗೆ ಶುರು ಮಾಡಿ. ಚಿಂದಿಯ ಅಂಚು ದಾಟಿ ಒಂದೆರಡು ಹೊಲಿಗೆ ಬಿದ್ದ ಮೇಲೆ, ದಾರ ಕತ್ತರಿಸದೆ, ನಿಮ್ಮ ತುಂಡುಗಳನ್ನು ಫೂಟಿನ ಮುಂದೆ ಇಡಿ. ಈಗ ಹಲ್ಲುಗಳಿಗೆ ಹಿಡಿಯಲು ಬಟ್ಟೆ ಇದೆ, ದಾರಕ್ಕೂ ಬಿಗಿ ಇದೆ. ಮೊದಲ ಜೋಡಿ ಮುಗಿದ ಕೂಡಲೇ ಎರಡನೆಯದು, ಆಮೇಲೆ ಮೂರನೆಯದು. ಬಾಳೆನಾರಿನಲ್ಲಿ ಶಂಕರಪುರ ಮಲ್ಲಿಗೆ ಕಟ್ಟಿದ ಹಾಗೆ ಸಾಲಾಗಿ ಬರುತ್ತವೆ. ಕೊನೆಗೆ ಮತ್ತೊಂದು ಚಿಂದಿ ಇಟ್ಟು ಮುಗಿಸಿ, ನಡುವಿನ ದಾರ ಕತ್ತರಿಸಿ. ಬಟ್ಟೆಯೂ ಮುದುಡುವುದಿಲ್ಲ, ದಾರವೂ ಉಳಿಯುತ್ತದೆ. ನನ್ನನ್ನು ಕೇಳಿದರೆ ಬೇರೆ ಯಾವ ಉಪಾಯಕ್ಕಿಂತಲೂ ಇದೇ ದೊಡ್ಡದು. ಮೊದಲ ದಿನವೇ ಇದನ್ನು ಕಲಿಸಬೇಕು.

ಚಿಂದಿ ಕೈಗೆ ಸಿಗದ ಹೊತ್ತಿನಲ್ಲಿ ಮೇಲಿನ ದಾರ, ಕೆಳಗಿನ ಸಣ್ಣ ಉರುಳೆಯಿಂದ ಬರುವ ಬಾಬಿನ್ ದಾರ ಎರಡನ್ನೂ ಫೂಟಿನ ಹಿಂದಕ್ಕೆ ಮೂರು ನಾಲ್ಕು ಇಂಚು ಬಿಟ್ಟು, ಮೊದಲ ಮೂರು ಹೊಲಿಗೆ ಬೀಳುವವರೆಗೆ ಬೆರಳಲ್ಲಿ ಹಿಡಿದುಕೊಳ್ಳಿ. ಎಳೆಯಬೇಡಿ. ಎಳೆದರೆ ಸೂಜಿ ಬಾಗುತ್ತದೆ.

ಬಟ್ಟೆಯ ಅಡಿಯಲ್ಲಿ ದಾರ ಗಂಟುಗಂಟಾಗಿ ಸಿಕ್ಕುಬೀಳುವುದು ಬೇರೆ ತೊಂದರೆ. ಎಲ್ಲರೂ ಬಾಬಿನ್ ಮೇಲೆ ಅನುಮಾನ ಪಡುತ್ತಾರೆ, ಆದರೆ ಹೆಚ್ಚಾಗಿ ತಪ್ಪಿರುವುದು ಮೇಲಿನ ದಾರ. ಫೂಟ್ ಎತ್ತಿದಾಗ ಮಾತ್ರ ಟೆನ್ಶನ್ ಬಿಲ್ಲೆಗಳು ಬಿಡಿಸಿಕೊಳ್ಳುತ್ತವೆ. ಫೂಟ್ ಇಳಿಸಿಯೇ ದಾರ ಪೋಣಿಸಿದರೆ ದಾರ ಬಿಲ್ಲೆಗಳ ನಡುವೆ ಕೂರುವುದಿಲ್ಲ. ಫೂಟ್ ಎತ್ತಿ ಇನ್ನೊಮ್ಮೆ ಪೋಣಿಸಿ.

ಸೂಜಿಯನ್ನು ಮೊನೆ ಹೋದ ಮೇಲೂ ಮುರಿಯುವ ತನಕ ಓಡಿಸುವವರು ನಮ್ಮಲ್ಲಿ ಜಾಸ್ತಿ. ಮೊಂಡಾದ ಸೂಜಿ ಚುಚ್ಚುವ ಬದಲು ಬಟ್ಟೆಯನ್ನು ಒತ್ತುತ್ತದೆ. ತೆಳ್ಳಗಿನ ಕಾಟನ್‌ಗೆ 11ನೇ ನಂಬರ್, ಸ್ವಲ್ಪ ದಪ್ಪಕ್ಕೆ 14 ಸಾಕು. ಮಳೆಗಾಲದಲ್ಲಿ ನಮ್ಮ ಕರಾವಳಿಯ ತೇವಕ್ಕೆ ಮೆಷಿನ್‌ನಲ್ಲೇ ಬಿಟ್ಟ ಸೂಜಿ ತುಕ್ಕು ಹಿಡಿಯುತ್ತದೆ. ಬೆರಳಿಗೆ ತರಿ ಸಿಕ್ಕಿದರೆ ಬದಲಿಸಿ. ಹೊಲಿಗೆಯ ಉದ್ದ 2ರಿಂದ 2.5 ಮಿಲಿಮೀಟರ್ ಇರಲಿ.

ಮಳೆಗಾಲದಲ್ಲಿ ಬಟ್ಟೆಯೂ ಜೋತುಬೀಳುತ್ತದೆ. ಹಳೇ ಸೀರೆ, ಬೈರಾಸು (ಟವೆಲ್), ಪಂಚೆಯ ತುಂಡುಗಳಂತೂ ತೊಳೆದು ತೊಳೆದು ತುಂಬಾ ಮೆತ್ತಗಾಗಿರುತ್ತವೆ. ಕತ್ತರಿಸುವ ಮೊದಲು ಗಂಜಿ ಹಾಕಿ ಇಸ್ತ್ರಿ ಮಾಡಿ. ಮುದುಡುವುದು ಅರ್ಧಕ್ಕರ್ಧ ಅಲ್ಲೇ ಕಡಿಮೆಯಾಗುತ್ತದೆ. ಬೆಳ್ತಿಗೆ (ಬಿಳಿ) ಅಕ್ಕಿಯ ತಿಳಿ ಒಳ್ಳೆಯದು. ನಮ್ಮ ಕುಚ್ಚಲಕ್ಕಿ ತಿಳಿಯ ಕೆಂಪು ಬಣ್ಣ ಬಿಳಿ ಬಟ್ಟೆಗೆ ಹಿಡಿಯುತ್ತದೆ. ತೆಳ್ಳಗೆ ಸೋಸಿ ಹಾಕಿ. ಕ್ವಿಲ್ಟ್ ಮುಗಿದ ಮೇಲೆ ತೊಳೆದುಬಿಡಿ. ಗಂಜಿ ಉಳಿದರೆ ಹುಳುಗಳಿಗೆ ಹಬ್ಬ.

"ಶುರು ಸರಿ ಇದೆ, ಕೊನೆಯಲ್ಲಿ ಮೇಲಿನ ತುಂಡು ಉದ್ದ ಉಳಿದು ನೆರಿಗೆ ಬೀಳ್ತದೆ" ಎಂದೂ ಕೇಳುತ್ತಾರೆ. ಹಲ್ಲುಗಳು ಕೆಳಗಿನ ಬಟ್ಟೆಯನ್ನು ಎಳೆಯುತ್ತವೆ, ಮೇಲಿನದನ್ನು ಫೂಟ್ ತಡೆಯುತ್ತದೆ. ಕೈಯಲ್ಲಿ ಕೌದಿ ಹೊಲಿಯುವವರಿಗೆ ಈ ಎಳೆದಾಟ ಇಲ್ಲ, ಏಕೆಂದರೆ ಎರಡೂ ಪದರ ಒಂದೇ ಕೈಯ ಹಿಡಿತದಲ್ಲಿರುತ್ತವೆ. ಮೆಷಿನ್‌ನಲ್ಲಿ ಹೊಲಿಯುವ ನಾವು ಎರಡು ತುದಿಗೆ ಗುಂಡುಸೂಜಿ ಚುಚ್ಚಿ, ಆಮೇಲೆ ನಡುವೆ ಚುಚ್ಚಬೇಕು. ಒಂದು ತುಂಡು ಕೂದಲೆಳೆಯಷ್ಟು ಉದ್ದ ಇದ್ದರೆ ಅದನ್ನು ಕೆಳಗೆ ಇಡಿ, ಹಲ್ಲುಗಳೇ ಸರಿಮಾಡಿಕೊಳ್ಳುತ್ತವೆ. ಫೂಟ್ ಹತ್ತಿರ ಬಂದಾಗ ಗುಂಡುಸೂಜಿ ತೆಗೆಯಿರಿ, ಅದರ ಮೇಲೆ ಓಡಿಸಬೇಡಿ.

ತ್ರಿಕೋನಗಳಿಗೆ ಮಾತ್ರ ಹೆಚ್ಚು ಜಾಗ್ರತೆ ಬೇಕು. ಅವುಗಳ ಓರೆ ಅಂಚು ಹಿಗ್ಗುತ್ತದೆ, ಮೊನೆಯಂತೂ ಮೆಷಿನ್ ಒಳಗೆ ಹೋಗಲು ಕಾದಿರುತ್ತದೆ. ಮೊದಲೇ ತ್ರಿಕೋನ ಕತ್ತರಿಸಬೇಡಿ. ಎರಡು ಚೌಕ ಒಂದರ ಮೇಲೊಂದು ಇಟ್ಟು, ಮೂಲೆಯಿಂದ ಮೂಲೆಗೆ ಪೆನ್ಸಿಲ್ ಗೆರೆ ಎಳೆದು, ಗೆರೆಯ ಎರಡೂ ಬದಿಗೆ ಕಾಲು ಇಂಚು ಬಿಟ್ಟು ಹೊಲಿಯಿರಿ. ಆಮೇಲೆ ಗೆರೆಯ ಮೇಲೆ ಕತ್ತರಿಸಿ ಬಿಡಿಸಿದರೆ ಎರಡೆರಡು ತ್ರಿಕೋನ ಸೇರಿದ ಎರಡು ಚೌಕ ಸಿಗುತ್ತವೆ. ಬಿಡಿಸಿದ ಮೇಲೆ ಇಸ್ತ್ರಿ ಪೆಟ್ಟಿಗೆಯನ್ನು ಉಜ್ಜಬೇಡಿ, ಎತ್ತಿ ಎತ್ತಿ ಒತ್ತಿ.