ನಮ್ಮನೆಯಲ್ಲಿ ಯಾರೂ ಯಾರನ್ನೂ ಕಟ್ಟಿಹಾಕಿಲ್ಲ

"ನಿಮ್ಮ ಯಜಮಾನರದು ಧಾರಾಳ ಕೈ, ನಿಮ್ಮದು ಬಿಗಿ ಕೈ. ಹೇಗೆ ಸರಿದೂಗಿಸ್ತೀರಿ?" ಮದುವೆಯಾದಾಗಿನಿಂದ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಮೊದಲು ಲೆಕ್ಕ ಮುಗಿಸಿಬಿಡೋಣ. ಇಬ್ಬರ ಸಂಬಳವೂ ಒಂದೇ ಜಂಟಿ ಖಾತೆಗೆ ಬರುತ್ತದೆ. ಮಾರನೇ ದಿನವೇ 100ರಲ್ಲಿ 25 ಭಾಗ ತಾನಾಗಿಯೇ ಉಳಿತಾಯಕ್ಕೆ ಹೋಗುತ್ತದೆ. ಆಪತ್ತಿಗೆ ಅಂತ ಆರು ತಿಂಗಳ ಮನೆಖರ್ಚು ಬೇರೆ ಎತ್ತಿಟ್ಟಿದ್ದೇವೆ. ಇಬ್ಬರಿಗೂ ಸ್ವಂತಕ್ಕೆ ಐದೈದು ಭಾಗ. ಉಳಿದದ್ದರಲ್ಲಿ ಮನೆ ನಡೆಯುತ್ತದೆ. ಅಷ್ಟೇ.

ನನಗೆ ಸಿಟ್ಟು ಬರುವುದು ಲೆಕ್ಕ ಕೇಳಿದ್ದಕ್ಕಲ್ಲ, ಕೇಳುವ ರೀತಿಗೆ. "ಅವರನ್ನ ಹೇಗೆ ಹಿಡಿತದಲ್ಲಿ ಇಟ್ಕೊಂಡಿದ್ದೀಯಾ?" ಅನ್ನುತ್ತಾರೆ ನನ್ನ ಕಡೆಯವರು. "ಹೆಂಡತಿ ದುಡ್ಡು ಬಿಚ್ಚೋಕೆ ಬಿಡ್ತಾಳೇನಪ್ಪಾ?" ಅನ್ನುತ್ತಾರೆ ಅವರ ಸ್ನೇಹಿತರು. ಒಬ್ಬರು ಎತ್ತು, ಇನ್ನೊಬ್ಬರು ಗೂಟ ಅನ್ನೋ ಹಾಗೆ! ನಾನು ಗೂಟ ಅಲ್ಲ. ಅವರು ಕೈ ತುಂಬ ಕೊಡುವ ಮನುಷ್ಯ, ಅದನ್ನು ನೋಡಿಯೇ ನಾನು ಒಪ್ಪಿದ್ದು.

ನಮ್ಮದೇನೂ ವಿಚಿತ್ರ ಜೋಡಿಯಲ್ಲ. ಸ್ಕಾಟ್ ರಿಕ್, ಡೆಬೊರಾ ಸ್ಮಾಲ್, ಎಲಿ ಫಿಂಕೆಲ್ ಎಂಬ ಸಂಶೋಧಕರು 2011ರಲ್ಲಿ ಇದನ್ನೇ ಬರೆದಿದ್ದಾರೆ. ದುಡ್ಡಿನ ವಿಷಯದಲ್ಲಿ ತದ್ವಿರುದ್ಧ ಸ್ವಭಾವದವರು ಒಬ್ಬರನ್ನೊಬ್ಬರು ಮೆಚ್ಚಿ ಮದುವೆಯಾಗುತ್ತಾರಂತೆ. ಆ ಅಂತರ ಜಾಸ್ತಿಯಿದ್ದಷ್ಟೂ ಮುಂದೆ ದುಡ್ಡಿಗಾಗಿ ಜಗಳವೂ ಜಾಸ್ತಿ ಅಂತೆ. ಮೊದಲ ಮಾತಿಗೆ ನಕ್ಕೆ. ಎರಡನೆಯದಕ್ಕೆ ನಗು ಬರಲಿಲ್ಲ.

ಯಾಕೆಂದರೆ ನಮಗೂ ಆಗಿತ್ತು. ಒಂದು ದಿನ ಬಟ್ಟೆ ಒಗೆಯಲು ಹಾಕುವ ಮುಂಚೆ ಅವರ ಅಂಗಿ ಜೇಬಿಗೆ ಕೈ ಹಾಕಿದೆ. ನಾಲ್ಕು ಮಡಿಕೆ ಮಾಡಿದ ಬಿಲ್ಲು. ಹೆಡ್‌ಫೋನಿನದು. ಬೆಲೆ ಇದ್ದ ಜಾಗವನ್ನು ಉಗುರಿನಿಂದ ಉಜ್ಜಿದ್ದರು. ಆ ನುಣುಪು ಕಾಗದ ಉಜ್ಜಿದರೆ ಕಪ್ಪಾಗುತ್ತದೆ, ಅಲ್ವಾ? ಅಷ್ಟು ಜಾಗ ಮಸಿ ಬಳಿದ ಹಾಗಿತ್ತು. ಹಿಂದಿನ ರಾತ್ರಿ "ಆಫೀಸಿನಲ್ಲಿ ಕೊಟ್ಟರು" ಅಂದಿದ್ದರು. ಬಿಲ್ಲು ಹಿಡಿದುಕೊಂಡು ಅಲ್ಲೇ ನೆಲದ ಮೇಲೆ ಕೂತೆ. ದುಡ್ಡು ಹೋಯಿತಲ್ಲ ಅನ್ನುವ ಸಂಕಟ ಒಂದು ನಿಮಿಷದ್ದು. ಈ ಮನುಷ್ಯ ನನಗೆ ಹೆದರಿದ್ದಾರಲ್ಲ ಅನ್ನುವುದು ವಾರಗಟ್ಟಲೆ ಕೊರೆಯಿತು.

ಸಂಜೆ ಬಿಲ್ಲನ್ನು ಮೇಜಿನ ಮೇಲಿಟ್ಟೆ. ಅದನ್ನು ನೋಡಿದರು, ನನ್ನನ್ನು ನೋಡಿದರು. "ಕೇಳಿದ್ರೆ ಬೇಡ ಅಂತಿದ್ದೆ ಕಣೇ" ಅಂದರು.

ಹೌದು, ಅಂತಿದ್ದೆ. ಹಳೇದು ಚೆನ್ನಾಗೇ ಇದೆಯಲ್ಲ ಅಂತಿದ್ದೆ.

ಐದೈದು ಭಾಗದ ಲೆಕ್ಕ ಹುಟ್ಟಿದ್ದು ಆ ರಾತ್ರಿ. ಆ ದುಡ್ಡಿಗೆ ಬಿಲ್ಲು ಕೇಳುವಂತಿಲ್ಲ, ಹುಬ್ಬು ಏರಿಸುವಂತಿಲ್ಲ. ನನ್ನ ಸಂಬಳ ಅವರದಕ್ಕಿಂತ ಜಾಸ್ತಿ, ಆದರೂ ಪಾಲು ಸಮ. ಕಡಿಮೆ ದುಡಿಯುವವರಿಗೆ ಆಸೆಯೂ ಕಡಿಮೆ ಇರಬೇಕು ಅಂತ ಎಲ್ಲಿದೆ?

ಒಬ್ಬರಾದರೂ ಬೇರೆ ಪ್ರಶ್ನೆ ಕೇಳಿದ್ದರೆ ಕೂರಿಸಿಕೊಂಡು ಉತ್ತರ ಹೇಳುತ್ತಿದ್ದೆ: "ನಿಮ್ಮ ಪಾಲಿನ ದುಡ್ಡನ್ನು ನೀವು ಏನು ಮಾಡ್ತೀರಿ?" ಎಲ್ಲರಿಗೂ ನನ್ನ ಗಂಡನ ಖರ್ಚಿನದೇ ಚಿಂತೆ. ನಾನು ಎಂಟು ತಿಂಗಳು ನನ್ನ ಪಾಲನ್ನು ಮುಟ್ಟಲೇ ಇಲ್ಲ. ಬಿಗಿ ಕೈ ಅಂತ ಸುಮ್ನೆ ಅಂದುಬಿಡುತ್ತೀರಿ. ನನಗಾಗಿ ದುಡ್ಡು ಕೊಡುವ ಗಳಿಗೆಯಲ್ಲಿ ನನಗೆ ನಿಜವಾಗಿಯೂ ಹೊಟ್ಟೆ ಹಿಂಡುತ್ತದೆ. ಅದು ಜಿಪುಣತನ ಅಲ್ಲ, ಭಯ. ಅವರಿಗೆ ಕೈ ತಡೆಯುವುದು ಎಷ್ಟು ಕಷ್ಟವೋ, ನನಗೆ ಕೈ ಬಿಚ್ಚುವುದು ಅಷ್ಟೇ ಕಷ್ಟ.

ಒಂಬತ್ತನೇ ತಿಂಗಳು ಒಂದು ಬಣ್ಣದ ಪೆಟ್ಟಿಗೆ ಕೊಂಡೆ. ಚಿಕ್ಕವಳಿದ್ದಾಗಿನ ಆಸೆ. ಅಂಗಡಿಯಲ್ಲಿ ಎರಡು ಸಲ ವಾಪಸ್ ಇಟ್ಟು ಮೂರನೇ ಸಲ ತೆಗೆದುಕೊಂಡೆ. ಮನೆಗೆ ಬಂದು ಮೇಜಿನ ಮೇಲೆ ಬಿಚ್ಚಿದೆ. ಎಷ್ಟಾಯಿತು ಅಂತ ಅವರು ಕೇಳಲಿಲ್ಲ. ಕುಂಚ ಅದ್ದಲು ಒಂದು ಲೋಟ ನೀರು ತಂದು ಪಕ್ಕದಲ್ಲಿಟ್ಟರು.